ಏನಾಗಲ್ಲಮ್ಮನ ಮರಿ ಹುಳ ತಿಂದದ್ದು

ಪ್ರಾಣಿಗಳ ಆಸ್ಪತ್ರೆಯ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದವಳು ಅವಳು, ಡಾಕ್ಟರಲ್ಲ. ಡಾಕ್ಟರು ಒಳಕೋಣೆಯಲ್ಲಿ, ಮಬ್ಬುಗಾಜಿನ ಬಾಗಿಲ ಹಿಂದೆ ಇರುತ್ತಿದ್ದರು. ಅವರನ್ನು ನೋಡಬೇಕಾದರೆ ಇವಳನ್ನು ದಾಟಬೇಕು, ದಾಟುವುದು ಸುಲಭದ ಮಾತಲ್ಲ. ಎದೆಮಟ್ಟದ ಮರದ ಕೌಂಟರು, ಅದರ ಹಿಂದೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಮನೆಯಿಂದ ತಂದ ದಿಂಬು, ದಿಂಬಿನ ಮೇಲೆ ಇವಳು, ಇವಳ ಎಡಗೈಗೆ ಸಿಗುವಂತೆ ಹಳೇ ಕಾಲದ ಟೆಲಿಫೋನು. ಇವಳು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟರಲ್ಲಿ ಮೂವರು ಡಾಕ್ಟರು ಬಂದು ಹೋಗಿದ್ದರು, ದಿಂಬಿನ ಹೊದಿಕೆಗೆ ಲೆಕ್ಕವಿರಲಿಲ್ಲ, ಸ್ಟೂಲು ಮಾತ್ರ ಇವಳದೇ ಆಗಿತ್ತು.

ಊರವರು ಇವಳಿಗೆ ಏನಾಗಲ್ಲಮ್ಮ ಅಂತ ಹೆಸರಿಟ್ಟಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಏನಾಗಲ್ಲಮ್ಮ. ಅದು ಇವಳ ಕಿವಿಗೂ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರೇನೋ, ಇವಳು ಒಳಗೊಳಗೇ ಬೀಗಿದಳು. ಜನ ಸುಮ್ಮನೆ ಹೆಸರಿಡುವುದಿಲ್ಲ, ಕೆಲಸ ನೋಡಿ ಇಡುತ್ತಾರೆ ಎಂದು ಅವಳ ನಂಬಿಕೆ.

ಆ ಹೆಸರು ಬಂದದ್ದು ನಾಯಿಮರಿಗಳಿಂದ. ನಾಯಿಮರಿ ಅಂದರೆ ಏನು? ನಾಲ್ಕು ಕಾಲು ಹಚ್ಚಿದ ಒಂದು ಬಾಯಿ. ನೆಲದ ಮೇಲೆ ಹರಿದಾಡುವುದು, ಗಾಳಿಯಲ್ಲಿ ಹಾರುವುದು, ಗೋಡೆಯ ಮೇಲೆ ಸುಮ್ಮನೆ ಕೂತಿರುವುದು, ಎಲ್ಲವೂ ಅದರ ಲೆಕ್ಕದಲ್ಲಿ ತಿಂಡಿಯೇ. ನೊಣ, ಇರುವೆ, ಮಿಡತೆ, ಜೇಡ, ಪತಂಗ, ಯಾವುದಕ್ಕೂ ಬೇಡ ಅನ್ನುವುದಿಲ್ಲ. ಅದು ನುಂಗಿ ಬಾಲ ಅಲ್ಲಾಡಿಸುತ್ತಾ ನಿಲ್ಲುತ್ತದೆ, ಸಾಕಿದವರು ಎದೆ ಹಿಡಿದುಕೊಂಡು ಫೋನಿಗೆ ಓಡುತ್ತಾರೆ. ಆ ಫೋನು ಇವಳ ಎಡಗೈಯಲ್ಲಿ ಬಂದು ಬೀಳುತ್ತಿತ್ತು.

“ಮೇಡಂ, ನಮ್ಮ ಮರಿ ಹುಳ ತಿಂದ್ಬಿಟ್ಟಿದೆ! ಈಗಷ್ಟೇ ನಾನು ಹಾಲು ಕಾಯಿಸೋಕೆ ಅಂತ ಒಳಗೆ ಹೋದೆ, ಬರೋಷ್ಟರಲ್ಲಿ…”

ಹಾಲಿನ ಕತೆ ಕೇಳುವ ವ್ಯವಧಾನ ಇವಳಿಗಿರಲಿಲ್ಲ. ಮೊದಲ ಡಾಕ್ಟರು ಕಲಿಸಿಕೊಟ್ಟಿದ್ದ ನಾಲ್ಕು ಪ್ರಶ್ನೆ ಇದ್ದವು, ಅವನ್ನು ಒಂದೇ ಉಸಿರಿನಲ್ಲಿ ಕೇಳುತ್ತಿದ್ದಳು. “ಬಾಯಿ, ಮುಖ ಊದಿದೆಯಾ? ಉಸಿರಾಡೋಕೆ ಕಷ್ಟಪಡ್ತಿದೆಯಾ? ವಾಂತಿ, ಜೊಲ್ಲು ಸುರೀತಾ ಇದೆಯಾ? ಮನೇಲಿ ಜಿರಳೆ ಔಷಧಿ ಹೊಡೆಸಿದ್ದೀರಾ?” ನಾಲ್ಕಕ್ಕೂ ಇಲ್ಲ ಅಂತ ಬಂದರೆ “ಏನಾಗಲ್ಲ ಬಿಡಿ.” ಯಾವುದಾದರೂ ಒಂದಕ್ಕೆ ಹೌದು ಅಂತ ಬಂದರೆ “ಕರ್ಕೊಂಡು ಬನ್ನಿ.” ಎರಡಕ್ಕೂ ಒಂದೇ ದನಿ, ಎರಡರ ಹಿಂದೆಯೂ ಫೋನು ಕುಕ್ಕುವ ಒಂದೇ ಸದ್ದು. ನೂರರಲ್ಲಿ ತೊಂಬತ್ತು ಪಾಲಿಗಿಂತ ಹೆಚ್ಚು ಮರಿಗಳಿಗೆ ನಿಜವಾಗಿಯೂ ಏನೂ ಆಗುತ್ತಿರಲಿಲ್ಲ. ಹೀಗಾಗಿ ಇವಳ ಮಾತು ಬಹುತೇಕ ನಿಜವೇ ಆಗುತ್ತಿತ್ತು. ನಿಜವಾಗುತ್ತಾ ಆಗುತ್ತಾ, ಮರಿಗಳಿಗೆ ಏನೂ ಆಗದಿರುವುದು ತಾನು ಹಾಗೆ ಹೇಳುವುದರಿಂದಲೇ ಎಂಬ ಸಣ್ಣ ಭ್ರಮೆಯೂ ಇವಳಿಗೆ ಅಂಟಿಕೊಂಡಿತ್ತು.

ಇವಳಿಗೆ ಮೈಯೆಲ್ಲ ಉರಿಯುವಂತೆ ಮಾಡುತ್ತಿದ್ದ ಮಾತು ಒಂದೇ. “ನಿಜವಾಗ್ಲೂ ಏನಾಗಲ್ವಾ ಮೇಡಂ?”

“ಮತ್ತೆ ನಾನೇನು ಸುಳ್ಳು ಹೇಳೋಕೆ ಇಲ್ಲಿ ಕೂತಿದ್ದೀನಾ?” ಅನ್ನುತ್ತಿದ್ದಳು. ಫೋನು ಕುಕ್ಕುತ್ತಿದ್ದಳು.

ಇನ್ನೊಂದು ಗೋಳಿತ್ತು. ಕೌಂಟರಿನ ಹಿಂದಿನ ಗೋಡೆಗೆ ಮೊದಲ ಡಾಕ್ಟರು ಒಂದು ಬೋರ್ಡು ಹೊಡೆಸಿದ್ದರು: ಪ್ರಾಣಿ ತಿಂದದ್ದರಲ್ಲಿ ಉಳಿದದ್ದನ್ನು ಜೊತೆಗೆ ತನ್ನಿ. ಪಾಪ, ಅವರ ಮನಸ್ಸಿನಲ್ಲಿದ್ದದ್ದು ಇಲಿಪಾಷಾಣ, ಮಾತ್ರೆ, ಇಂಥವು. ಜನರ ಶ್ರದ್ಧೆ ಅಷ್ಟಕ್ಕೇ ನಿಲ್ಲುತ್ತದೆಯೇ? ಬೆಂಕಿಪೊಟ್ಟಣದಲ್ಲಿ ಅರ್ಧ ಮಿಡತೆ, ಬಾಟಲಿ ಮುಚ್ಚಳದಲ್ಲಿ ಜೇಡನ ಮೂರು ಕಾಲು, ಪೌಡರ್ ಡಬ್ಬಿಯಲ್ಲಿ ನೊಣದ ರೆಕ್ಕೆ ತಂದು ಕೌಂಟರಿನ ಮೇಲಿಟ್ಟು ತೀರ್ಪಿಗೆ ಕಾಯುತ್ತಿದ್ದರು. ಇವಳು ಪೆನ್ನಿನ ತುದಿಯಿಂದ ಅದನ್ನು ಆಚೀಚೆ ಹೊರಳಿಸಿ ನೋಡುತ್ತಿದ್ದಳು. ಅದು ಯಾವ ಹುಳವೋ ಇವಳಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹೊರಳಿಸುವ ಗತ್ತು ನೋಡಿದವರಿಗೆ ಅರ್ಧ ಸಮಾಧಾನ ಅಲ್ಲೇ ಆಗುತ್ತಿತ್ತು.

ಗಂಡನದು ಡ್ರೈವಿಂಗ್ ಶಾಲೆ. ಶಾಲೆ ಅಂದರೆ ಒಂದು ಕಾರು, ಒಂದು ಮೇಜು, ಅವನು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುವ ಆ ಕಾರಿನಲ್ಲಿ ಅವನು ಅರ್ಧ ಊರಿಗೆ ಗಾಡಿ ಓಡಿಸುವುದು ಕಲಿಸಿದ್ದ. ಮಾತು ಕಡಿಮೆ. ಹೆದರಿದವರ ಪಕ್ಕ ಕೂತೇ ಅರ್ಧ ಆಯಸ್ಸು ಕಳೆದವನು. ಸಂಜೆ ಇವಳು ಮನೆಗೆ ಬಂದು “ಇವತ್ತೊಬ್ಬಳು ಇರುವೆ ತಿಂದಿದೆ ಅಂತ ಅಳ್ತಾಳೆ ಕಣ್ರೀ, ಇರುವೆ!” ಅಂತ ನಕ್ಕರೆ ಅವನು ಲೋಟ ಕೆಳಗಿಟ್ಟು ಹೇಳುತ್ತಿದ್ದ.

“ಹೆದರಿದವರಿಗೆ ಹೆದರಬೇಡಿ ಅಂದ್ರೆ ಇನ್ನೂ ಹೆದರ್ತಾರೆ ಕಣೇ. ರಸ್ತೆ ಮಧ್ಯ ಕೈಕಾಲು ಬಿಟ್ಟವರಿಗೆ ನಾನು ಕನ್ನಡಿ ನೋಡಿ ಅಂತೀನಿ, ಗೇರು ಎಷ್ಟರಲ್ಲಿದೆ ಕೇಳ್ತೀನಿ. ಕೈಗೆ ಗೊತ್ತಿರೋ ಕೆಲಸ ಕೊಟ್ರೆ ತಲೆ ತಾನಾಗೇ ವಾಪಸ್ ಬರತ್ತೆ.”

“ನಿಮ್ಮದು ಸ್ಟೀರಿಂಗ್ ವಿಷಯ, ನಂದು ಜೀವದ ವಿಷಯ. ಎರಡೂ ಒಂದೇನಾ?” ಅನ್ನುತ್ತಿದ್ದಳು. ಅವನು ಲೋಟ ಎತ್ತಿಕೊಳ್ಳುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೂ ಇವಳದು ಏನಾಗಲ್ಲ ಅನ್ನುವ ಅದೇ ಮಾತು. ಅಮ್ಮನ ಹತ್ರ ಜ್ವರ ಬಂದಿದೆ ಅಂತ ಹೇಳೋಕೂ ಮೈಯಲ್ಲಿ ಶಕ್ತಿ ಬೇಕು ಅಂತ ಆ ಹುಡುಗಿ ಆಗಲೇ ಅಪ್ಪನ ಕಿವಿಯಲ್ಲಿ ಹೇಳಿದ್ದಳು. ಈಗ ಅವಳು ಮದುವೆಯಾಗಿ ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಳು. ಜ್ವರ ಬಂದರೆ ಅಪ್ಪನಿಗೆ ಫೋನು ಮಾಡುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಅಡ್ಡ ಬಂದವಳು ಪರದೆ ಅಂಗಡಿಯ ಹೆಂಗಸು. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು ಮಾರುತ್ತಿದ್ದ ಆಕೆ ಒಂದು ಬೂದು ಬಣ್ಣದ ಗಂಡು ಮರಿ ತಂದು ಸಾಕಿಕೊಂಡಳು. ಅಂಗಡಿಯ ದೀಪಕ್ಕೆ ಬರುವ ಪತಂಗಗಳೆಲ್ಲ ಆ ಮರಿಯ ಪಾಲಾದವು. ಒಂದೊಂದು ಪತಂಗಕ್ಕೂ ಒಂದೊಂದು ಫೋನು. ಬೆಳಿಗ್ಗೆ ಪತಂಗ, ಮಧ್ಯಾಹ್ನ ಇರುವೆ, ಸಂಜೆ, ಏನೋ ಗೊತ್ತಾಗಲಿಲ್ಲ ಮೇಡಂ, ಕರ್‍ರಗಿತ್ತು. ಇವಳು ಏನಾಗಲ್ಲ, ಏನಾಗಲ್ಲ ಅಂದೂ ಅಂದೂ ಒಂದು ದಿನ ಫೋನಿನಲ್ಲೇ ಗದರಿದಳು.

“ನಿಮಗೆ ನಾಯಿ ಯಾಕೆ ಬೇಕಿತ್ತು? ಒಂದು ಗೊಂಬೆ ತಂದಿಟ್ಕೋಬಾರದಿತ್ತಾ?”

ಮರುದಿನ ಪರದೆ ಅಂಗಡಿಯ ಹೆಂಗಸು ಖುದ್ದಾಗಿ ಬಂದಳು. ಕಣ್ಣು ಕೆಂಪಾಗಿತ್ತು. ಒಳ್ಳೆಯ ಹೂವಿನ ಪರದೆ ಬಟ್ಟೆಯಲ್ಲಿ ಸುತ್ತಿದ್ದ ಮರಿಯನ್ನು ಕೌಂಟರಿನ ಮೇಲಿಟ್ಟಳು.

“ನೀವು ಹೇಳಿದ್ದು ಸರಿ ಮೇಡಂ. ನನ್ನ ಕೈಲಿ ಆಗಲ್ಲ, ಮೂರು ಹೊತ್ತೂ ಜೀವ ಹಿಡ್ಕೊಂಡು ಕೂರಬೇಕು. ನಿಮಗಾದ್ರೆ ಹೆದರಿಕೆ ಅನ್ನೋದೇ ಇಲ್ಲ. ನೀವೇ ಇಟ್ಕೊಳ್ಳಿ” ಅಂದಳು. ಬಟ್ಟೆಯನ್ನೂ ವಾಪಸು ತೆಗೆದುಕೊಳ್ಳದೆ ಹೊರಟುಹೋದಳು.

ಕಾಯುತ್ತಾ ಕೂತಿದ್ದ ಹತ್ತು ಜನರ ಎದುರು ಬೇಡ ಅನ್ನುವುದು ಹೇಗೆ? ಹೆದರಿಕೆ ಇಲ್ಲದವಳು ಅಂತ ಊರೇ ಒಪ್ಪಿಕೊಂಡಿರುವಾಗ ಬೇಡ ಅಂದರೆ ಅರ್ಥ ಬೇರೆಯಾಗುತ್ತದೆ. ಮರಿ ಮನೆಗೆ ಬಂತು.

ಅದಕ್ಕೆ ಒಂದು ಚಾಳಿಯಿತ್ತು. ಉಣ್ಣುವಾಗ, ಆಡುವಾಗ, ಮಲಗಿದಾಗ, ಎಲ್ಲ ಹೊತ್ತಿನಲ್ಲೂ ಗೊಣಗುತ್ತಿತ್ತು. ಬೊಗಳುವುದಲ್ಲ, ಕುಂಯ್‌ಗುಡುವುದಲ್ಲ, ಪಿಂಚಣಿ ತಡವಾದ ಮುದುಕನ ಹಾಗೆ ಗಂಟಲಲ್ಲೇ ಏನೋ ತಕರಾರು. ಗಂಡ ಅದಕ್ಕೆ ಗೊಣಗ ಅಂತ ಹೆಸರಿಟ್ಟ. ಮನೆಯಲ್ಲಿ ಈ ಹೆಸರು ಇಡುವ ಧೈರ್ಯವಿಲ್ಲದೆ ಬಹಳ ದಿನದಿಂದ ಖಾಲಿ ಇತ್ತು, ಸದ್ಯ ಇವನಿಗೆ ಸಿಕ್ಕಿತು ಅಂದ. ಇವಳಿಗೆ ಅದರ ಅರ್ಥ ಆಗಲಿಲ್ಲ, ಅಥವಾ ಆಗದವಳ ಹಾಗೆ ಇದ್ದಳು.

ಏನಾಗಲ್ಲಮ್ಮ ಮರಿ ಸಾಕುತ್ತಿದ್ದಾಳೆ ಅಂತ ತಿಳಿದ ಮೇಲೆ ನೋಡಲು ಬರುವವರೂ ಹುಟ್ಟಿಕೊಂಡರು. ಅವರ ಎದುರಿಗೇ ಗೊಣಗ ಗೋಡೆಯ ಮೇಲಿನ ಪತಂಗಕ್ಕೆ ಜಿಗಿಯುತ್ತಿದ್ದ, ಚಪ್ಪರಿಸುತ್ತಿದ್ದ, ಗೊಣಗುತ್ತಿದ್ದ. ಬಂದವರು ಅಯ್ಯೋ ಅಂದರೆ ಇವಳು ಕೂತಲ್ಲಿಂದ ಕದಲದೆ “ಏನಾಗಲ್ಲ, ಕಾಫಿ ಕುಡೀರಿ” ಅನ್ನುತ್ತಿದ್ದಳು. ಇವಳ ಮಾತಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಇನ್ನೇನು ಬೇಕು?

ಬಂದವರಿಗೆ ಕಾಣದ ಸಂಗತಿಗಳೂ ಇದ್ದವು. ಮಧ್ಯಾಹ್ನದ ಬುತ್ತಿಯನ್ನು ಕೌಂಟರಿನಲ್ಲೇ ಬಿಚ್ಚುತ್ತಿದ್ದವಳು ಈಗ ಊಟದ ಹೊತ್ತಿಗೆ ಮನೆಗೆ ಓಡಿ ಬರುತ್ತಿದ್ದಳು. ಒಂದು ದಿನ ಕೊಡೆ ಮರೆತೆ ಅಂದಳು, ಮರುದಿನ ಕನ್ನಡಕ. ಮೂರನೇ ದಿನ ಮರೆಯಲು ಏನೂ ಉಳಿಯದೆ ಸುಮ್ಮನೆ ಬಂದಳು. ಬಂದವಳು ಮೊದಲು ಮರಿಯ ಹೊಟ್ಟೆ ಏರಿಳಿಯುತ್ತಿದೆಯೇ ನೋಡುತ್ತಿದ್ದಳು, ಆಮೇಲೆ ಚಪ್ಪಲಿ ಬಿಡುತ್ತಿದ್ದಳು. ಫೋನಿನಲ್ಲಿ ಮಗಳು “ಗೊಣಗ ಹೇಗಿದ್ದಾನೆ ಅಂದ್ರೆ ಇಷ್ಟು ಹೊತ್ತು ಹೇಳ್ತೀಯಲ್ಲಮ್ಮ, ನಂಗೆ ಜ್ವರ ಬಂದಾಗ ಇಷ್ಟು ಮಾತು ಎಲ್ಲಿತ್ತು?” ಅಂತ ಕೇಳಿದಳು. ತಮಾಷೆಗೆ ಕೇಳಿದ್ದು. ಆದರೂ ಇವಳು ಫೋನಿಟ್ಟ ಮೇಲೆ ಬಹಳ ಹೊತ್ತು ಒಗೆದ ಬಟ್ಟೆಗಳನ್ನೇ ಮತ್ತೆ ಮತ್ತೆ ಮಡಿಸಿದಳು.

ಅದೊಂದು ಭಾನುವಾರ. ಬೆಳಗಿನ ತಿಂಡಿ ಮುಗಿದಿತ್ತು. ಗಂಡ ಬಚ್ಚಲಲ್ಲಿ ಕಾರಿನ ಸೀಟು ಹೊದಿಕೆಗಳನ್ನು ಒಗೆಯುತ್ತಿದ್ದ. ಇವಳು ಅಡುಗೆಮನೆಯ ಕಟ್ಟೆಯ ಮೇಲೆ ಹುರುಳಿಕಾಯಿ ಸೋಸುತ್ತಿದ್ದಳು. ಮರಿ ಬಾಲ್ಕನಿಯಲ್ಲಿತ್ತು. ಅಲ್ಲಿ ನಾಲ್ಕಾರು ಹೂವಿನ ಕುಂಡ, ಒಂದು ಮುರಿದ ಕುರ್ಚಿ, ಬಿಸಿಲು. ಸ್ವಲ್ಪ ಹೊತ್ತಿನ ಮೇಲೆ ಇವಳಿಗೆ ಏನೋ ಕೊರತೆ ಅನಿಸಿತು. ಒಲೆ ಆರಿದೆಯೇ ನೋಡಿದಳು, ನಲ್ಲಿ ನೋಡಿದಳು. ಆಮೇಲೆ ಹೊಳೆಯಿತು, ಗೊಣಗಾಟ ಕೇಳಿಸುತ್ತಿಲ್ಲ.

ಹೋಗಿ ನೋಡಿದರೆ ಗೊಣಗ ಕುಂಡಗಳ ನಡುವೆ ನಿಂತು ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿದ್ದ. ಇವಳತ್ತ ತಿರುಗಿದ. ಎಡಗಡೆಯ ತುಟಿ ದಪ್ಪಗಾಗಿ ಮುಖವೆಲ್ಲ ಒಂದು ಕಡೆಗೆ ವಾಲಿತ್ತು. ಎಡಗಣ್ಣು ಸಣ್ಣದಾಗಿತ್ತು. ಬಾಯಿಂದ ಜೊಲ್ಲಿನ ಎಳೆ ನೆಲದವರೆಗೆ ಇಳಿದಿತ್ತು.

ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಕೇಳಿದ ನಾಲ್ಕು ಪ್ರಶ್ನೆ ತಲೆಯಿಂದ ಒರೆಸಿ ಹಾಕಿದ ಹಾಗೆ ಮಾಯವಾದವು. ಉಳಿದದ್ದು ಬೋರ್ಡೊಂದೇ: ಉಳಿದದ್ದನ್ನು ಜೊತೆಗೆ ತನ್ನಿ. ಏನಾಗಲ್ಲಮ್ಮ ಅಂಬೆಗಾಲಿಟ್ಟು ಬಾಲ್ಕನಿಯ ನೆಲವನ್ನೆಲ್ಲ ಹುಡುಕಿದಳು. ಕುಂಡ ಎತ್ತಿ ನೋಡಿದಳು, ಮುರಿದ ಕುರ್ಚಿಯ ಕೆಳಗೆ ತಲೆ ತೂರಿಸಿದಳು. ಮೊಣಕಾಲು ತರಚಿತು. ಕೊನೆಗೆ ಮೂಲೆಯಲ್ಲಿ ಒಂದು ರೆಕ್ಕೆ ಸಿಕ್ಕಿತು. ಅದನ್ನು ಚಿನ್ನದ ಚೂರಿನ ಹಾಗೆ ಕಾಗದದಲ್ಲಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮರಿ ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಊದಿಕೊಳ್ಳುತ್ತಿತ್ತು. ಅದರ ಬಾಯಿಯೊಳಗೆ ಒಂದು ಸಲವೂ ಇಣುಕಬೇಕು ಅಂತ ಹೊಳೆಯಲಿಲ್ಲ.

ಆಮೇಲೆ ಮೊಬೈಲು ತೆಗೆದುಕೊಂಡು ಆಸ್ಪತ್ರೆಗೆ ಫೋನು ಮಾಡಿದಳು.

ಅತ್ತ ಗಂಟೆ ಹೊಡೆಯತೊಡಗಿತು. ಆ ಗಂಟೆಯ ಸದ್ದು ಇವಳಿಗೆ ಹೊಸದಲ್ಲ, ಆದರೆ ಈ ಕಡೆಯಿಂದ ಕೇಳಿದ್ದು ಇದೇ ಮೊದಲು. ಎತ್ತಿ, ಯಾರಾದರೂ ಎತ್ತಿ ಅಂತ ಬಾಯಲ್ಲೇ ಬೇಡಿಕೊಂಡಳು. ಯಾಕೆ ಎತ್ತುತ್ತಿಲ್ಲ? ಎಲ್ಲಿ ಹಾಳಾಗಿ ಹೋಗಿದ್ದಾಳೆ ಅವಳು ಅಂತ ಸಿಟ್ಟೂ ಬಂತು. ಕಣ್ಣ ಮುಂದೆ ಬೀಗ ಹಾಕಿದ ಬಾಗಿಲು, ಕತ್ತಲೆ ಕೌಂಟರು, ಖಾಲಿ ಸ್ಟೂಲು, ತನ್ನದೇ ದಿಂಬು ಬಂದು ನಿಂತವು. ಆ ಫೋನು ಎತ್ತುವವಳು ಈ ಲೋಕದಲ್ಲಿ ಒಬ್ಬಳೇ, ಅವಳು ಇಲ್ಲಿ ಬಾಲ್ಕನಿಯಲ್ಲಿ ಮೊಣಕಾಲು ತರಚಿಕೊಂಡು ಕೂತಿದ್ದಳು. ಗಂಟೆ ಹೊಡೆದೂ ಹೊಡೆದೂ ತಾನೇ ನಿಂತುಹೋಯಿತು. ಡಾಕ್ಟರ ಮೊಬೈಲಿಗೆ ಮಾಡಿದರೆ, ಅವರು ರಜೆಯಲ್ಲಿ ಎಲ್ಲಿದ್ದರೋ, ಫೋನೇ ಹೋಗಲಿಲ್ಲ.

“ರೀ!” ಅಂತ ಕೂಗಿದಳು. ಅದು ಕರೆದ ಹಾಗಿರಲಿಲ್ಲ.

ಗಂಡ ಸೋಪಿನ ಕೈಯಲ್ಲೇ ಓಡಿ ಬಂದ. ಮರಿಯನ್ನು ನೋಡಿದ, ಇವಳನ್ನು ನೋಡಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳ ಮುಖದಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ಬೇರೆಯವರ ಮುಖದಲ್ಲಿ ಮಾತ್ರ ದಿನವೂ ಕಂಡಿದ್ದ, ದೊಡ್ಡ ರಸ್ತೆಯ ಮಧ್ಯೆ ಗಾಡಿ ನಿಂತು ಹಿಂದಿನಿಂದ ಹಾರನ್ ಹೊಡೆಯುವಾಗ.

“ಏನಾಗತ್ತೆ ಇದಕ್ಕೆ? ಹೇಳ್ರೀ, ಏನಾಗತ್ತೆ?” ಅಂದಳು.

ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು ಒಳಗೆ ಹೋದ. ಇವಳಿಗೆ ಅವನನ್ನು ಹಿಡಿದು ಅಲ್ಲಾಡಿಸುವಷ್ಟು ಕೋಪ ಬಂತು. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ನೋಡದೆಯೇ ಕಿವಿಗಿಟ್ಟಳು. ಬಾಯಿ ತನ್ನಷ್ಟಕ್ಕೆ ಹೇಳಿತು. “ಹಲೋ, ಪ್ರಾಣಿಗಳ ಆಸ್ಪತ್ರೆ.”

“ನಮಸ್ಕಾರ ಮೇಡಂ” ಅಂತು ಅಡುಗೆಮನೆಯಿಂದ ಗಂಡನ ದನಿ. ಅದು ಒಂದು ಕಿವಿಗೆ ಗೋಡೆಯಾಚೆಯಿಂದಲೂ ಇನ್ನೊಂದು ಕಿವಿಗೆ ಫೋನಿನಿಂದಲೂ ಬಂತು. “ನಮ್ಮನೆ ನಾಯಿಮರಿ ಏನೋ ಹುಳ ತಿಂದ್ಬಿಟ್ಟಿದೆ.”

ಇವಳು ಬಾಯಿ ತೆರೆದಳು. ಹುಚ್ಚು ಹಿಡಿದಿದೆಯೇನ್ರೀ ಅಂತ ಬಯ್ಯಬೇಕಾಗಿತ್ತು. ಬಂದದ್ದು ಬೇರೆ. “ಬಾಯಿ, ಮುಖ ಊದಿದೆಯಾ?”

“ನಂಗೆ ಸರಿಯಾಗಿ ಕಾಣ್ತಿಲ್ಲ ಮೇಡಂ. ಮರಿ ನಮ್ಮ ಮನೆಯವಳ ಹತ್ರ ಇದೆ. ಅವಳು ಸ್ವಲ್ಪ ಗಾಬರಿ ಹೆಂಗಸು. ನೀವೇ ಕೇಳಿ.”

ಇವಳು ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. “ಎಡಗಡೆ ಊದಿದೆ. ಕಣ್ಣಿನ ತನಕ ಹತ್ತಿದೆ.” ತುಟಿ ಮೇಲೆತ್ತಿದಳು. “ತುಟಿ ಒಳಗೆ ಏನೋ ಕಪ್ಪಗೆ ಸಣ್ಣಗೆ ಚುಚ್ಚಿಕೊಂಡಿದೆ. ಜೇನುಹುಳದ ಮುಳ್ಳು ಇದು, ಜೇನುಹುಳ ತಿಂದಿದೆ.”

“ಉಸಿರಾಟ ಹೇಗಿದೆ ಅಂತ ಕೇಳಲ್ವಾ ಮೇಡಂ?”

ಕಿವಿಯನ್ನು ಮರಿಯ ಗಂಟಲಿಗೆ ಹಚ್ಚಿದಳು. ಒಳಗೆ ತೆಳ್ಳಗೆ ಸೀಟಿ ಊದಿದಂಥ ಸದ್ದು. ಆ ಸದ್ದು ಕೇಳಿದ ಮೇಲೆ ಇವಳ ದನಿಗೆ ಕೌಂಟರಿನ ಗತ್ತು ಪೂರ್ತಿ ವಾಪಸು ಬಂತು.

“ಉಸಿರಲ್ಲಿ ಸದ್ದು ಬರ್ತಿದೆ. ಒಂದು ಕ್ಷಣಾನೂ ಕಾಯಬೇಡಿ, ಕೂಡ್ಲೇ ಕರ್ಕೊಂಡು ಹೊರಡಿ. ನಮ್ಮಲ್ಲಿಗಲ್ಲ, ನಮ್ಮಲ್ಲಿ ಇವತ್ತು ರಜೆ. ಸೇತುವೆ ಆಚೆ ಇರೋ ಪ್ರಾಣಿಗಳ ದೊಡ್ಡಾಸ್ಪತ್ರೆ ಭಾನುವಾರಾನೂ ತೆಗೆದಿರತ್ತೆ” ಅಂದಳು. ಫೋನು ಕುಕ್ಕಿದಳು.

ಸೇತುವೆಯಾಚೆಯ ಆಸ್ಪತ್ರೆಯ ಬಗ್ಗೆ ಇವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅಲ್ಲಿ ಬರೀ ಕಾಯಿಸ್ತಾರೆ ಅಂತ ಎಷ್ಟೋ ಜನರಿಗೆ ಹೇಳಿ ಕಳಿಸಿದ್ದಳು. ಈಗ ಮರಿಯನ್ನು ಸೆರಗಿನಲ್ಲಿ ಅವುಚಿಕೊಂಡು, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಗಂಡ ಆಗಲೇ ಕಾರು ಸ್ಟಾರ್ಟ್ ಮಾಡಿದ್ದ. ಹೊದಿಕೆ ಬಿಚ್ಚಿದ ಸೀಟಿನ ಸ್ಪಂಜು ಬರಿಗೈಗೆ ತಾಗುತ್ತಿತ್ತು. ಕಾರಿನ ನೆತ್ತಿಯ ಮೇಲೆ ದೊಡ್ಡ ಬೋರ್ಡು: ಕಲಿಯುವವರಿದ್ದಾರೆ, ದೂರವಿರಿ.

ಬೋರ್ಡು ನೋಡಿದ ಊರು ಸುಮ್ಮನಿರುತ್ತದೆಯೇ? ಹಿಂದಿನವರೆಲ್ಲ ಹಾರನ್ ಹೊಡೆದು, ಪಕ್ಕಕ್ಕೆ ಬಂದು, ಕಲಿಸುವ ಮೇಷ್ಟ್ರೇ ಹೀಗೆ ಓಡಿಸಿದರೆ ಹೇಗೆ ಅಂತ ಕೈಯಾಡಿಸಿ ಮುಂದೆ ಹೋದರು. ಅವನು ನಿಜಕ್ಕೂ ಜೋರಾಗಿಯೇ ಹೋಗುತ್ತಿದ್ದ. ಆದರೆ ಪ್ರತಿ ತಿರುವಿನಲ್ಲೂ, ಪ್ರತಿ ಸಲ ಸೈಕಲ್ಲು ಅಡ್ಡ ಬಂದಾಗಲೂ ಕಾರು ಗಕ್ಕನೆ ನಿಲ್ಲುತ್ತಿತ್ತು. ಮೂರನೆಯ ಸಲ ಅವನು ಬಗ್ಗಿ ನೋಡಿದ. ಇವಳ ಎರಡೂ ಕಾಲು ಪಕ್ಕದ ಸೀಟಿನ ಬ್ರೇಕಿನ ಮೇಲಿದ್ದವು.

“ಅಮ್ಮಾ ತಾಯಿ, ಆ ಕಾಲು ಮೇಲೆತ್ಕೊಂಡು ಕೂತ್ಕೋ!”

ಇವಳು ಚಕ್ಕಳಮಕ್ಕಳ ಹಾಕಿ ಕೂತಳು. ಮರಿ ಮಡಿಲಲ್ಲಿತ್ತು. “ಗೊಣಗು, ಗೊಣಗೋ ರಾಜ” ಅಂತ ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಅದು ಗೊಣಗಲಿಲ್ಲ. ಸೀಟಿಯಂಥ ಸದ್ದು ಮಾತ್ರ ಬರುತ್ತಿತ್ತು. ಆ ದಾರಿಯಲ್ಲಿ ಇವಳಿಗೆ ಒಂದೇ ಒಂದು ಆಸೆ ಇತ್ತು, ಯಾರಾದರೂ ಒಬ್ಬರು ಏನಾಗಲ್ಲ ಅನ್ನಬೇಕು. ಗಂಡನನ್ನು ನೋಡಿದಳು. ಅವನು ಆ ಮಾತನ್ನು ಬಿಟ್ಟು ಬೇರೆಲ್ಲ ಹೇಳಿದ. ಸೇತುವೆ ಬಂತು ಅಂದ, ಇನ್ನೊಂದೇ ತಿರುವು ಅಂದ. ಗೊತ್ತಿಲ್ಲದ್ದನ್ನು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಆಸ್ಪತ್ರೆಯ ಬಾಗಿಲು ತಳ್ಳಿದರೆ ಎದುರಿಗೆ ಎದೆಮಟ್ಟದ ಕೌಂಟರು, ಅದರ ಹಿಂದೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಒಬ್ಬಳು ಹುಡುಗಿ. ಅವಳು ತಲೆ ತಗ್ಗಿಸಿ ಕಂಪ್ಯೂಟರಿನಲ್ಲಿ ಏನೋ ಬಡಿಯುತ್ತಿದ್ದಳು.

“ನಮ್ಮ ಮರಿ ಜೇನುಹುಳ ತಿಂದ್ಬಿಟ್ಟಿದೆ. ನಾನು ಹುರುಳಿಕಾಯಿ ಸೋಸ್ತಾ ಇದ್ದೆ, ಇವರು ಬಚ್ಚಲಲ್ಲಿದ್ರು, ಗೊಣಗಾಟ ಕೇಳಿಸ್ಲಿಲ್ಲ ಅಂತ ನಾನು…”

“ಊದಿದೆಯಾ? ಉಸಿರು?” ಅಂದಳು ಹುಡುಗಿ, ತಲೆಯೆತ್ತದೆ.

“ಊದಿದೆ. ಉಸಿರಲ್ಲಿ ಸದ್ದು.”

ಹುಡುಗಿ ಗಂಟೆ ಒತ್ತಿದಳು. ಒಳಗಿನಿಂದ ಒಬ್ಬ ಬಂದು ಮರಿಯನ್ನು ಇವಳ ಸೆರಗಿನಿಂದ ಬಿಡಿಸಿಕೊಂಡು ಹೋದ. ಮಬ್ಬುಗಾಜಿನ ಬಾಗಿಲು ಮುಚ್ಚಿಕೊಂಡಿತು. ಇವಳು ಅಲ್ಲೇ ನಿಂತಿದ್ದಳು. ಸೆರಗಿನ ಮೇಲೆ ಜೊಲ್ಲಿನ ಕಲೆ ಇನ್ನೂ ಬೆಚ್ಚಗಿತ್ತು.

“ಏನಾಗಲ್ಲ ಬಿಡಿ, ಕೂತ್ಕೊಳ್ಳಿ” ಅಂದಳು ಹುಡುಗಿ.

ಆ ಹುಡುಗಿ ಮರಿಯ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆ ಮಾತಿನ ಬಂಡವಾಳ ಎಷ್ಟು ಅಂತ ಊರಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಇವಳಿಗೆ, ಅದನ್ನೇ ಸಗಟಾಗಿ ಹಂಚಿದವಳಿಗೆ. ಆದರೂ ಆ ಮಾತು ಕಿವಿಗೆ ಬಿದ್ದದ್ದೇ ಅರ್ಧ ಸಮಾಧಾನವಾಯಿತು. ಅಷ್ಟು ಸಾಲಲಿಲ್ಲ, ಇನ್ನೂ ಬೇಕೆನಿಸಿತು.

“ನಿಜವಾಗ್ಲೂ ಏನಾಗಲ್ವಾ?”

ಹುಡುಗಿ ಈಗ ತಲೆಯೆತ್ತಿದಳು. ಆ ನೋಟ ಇವಳಿಗೆ ತನ್ನ ಕೈಬರಹದಷ್ಟೇ ಪರಿಚಿತ. “ನಾನ್ಯಾಕೆ ಸುಳ್ಳು ಹೇಳ್ಲಿ ಆಂಟಿ?” ಅಂದು ಹುಡುಗಿ ಮತ್ತೆ ಕಂಪ್ಯೂಟರಿಗೆ ತಿರುಗಿದಳು.

ಇವಳು ಬೆಂಚಿನ ಮೇಲೆ ಕೂತಳು. ಇಪ್ಪತ್ತು ವರ್ಷ ಇಂಥದೇ ಬೆಂಚನ್ನು ಸ್ಟೂಲಿನ ಮೇಲಿಂದ ನೋಡಿದ್ದಳು. ಅದು ಇಷ್ಟು ತಗ್ಗಾಗಿರುತ್ತದೆ ಅಂತ ಗೊತ್ತಿರಲಿಲ್ಲ. ಅಲ್ಲಿ ಕೂತವರಿಗೆ ಕೌಂಟರಿನ ಹಿಂದಿನವರ ಹಣೆ ಮಾತ್ರ ಕಾಣುತ್ತದೆ. ಇವಳಿಗೆ ಅಳು ಬಂತು, ತಡೆಯಲಿಲ್ಲ. ಗಂಡ ಪಕ್ಕದಲ್ಲಿ ಕೂತು ಅವಳ ಅದಲು ಬದಲಾದ ಚಪ್ಪಲಿಗಳನ್ನು ಬಗ್ಗಿ ಸರಿಯಾಗಿ ಜೋಡಿಸಿಟ್ಟ.

ಎಷ್ಟೋ ಹೊತ್ತಿನ ಮೇಲೆ ಗಾಜಿನ ಬಾಗಿಲ ಹಿಂದಿನಿಂದ ಸಣ್ಣದೊಂದು ತಕರಾರು ಕೇಳಿಸಿತು. ಗಂಟಲಲ್ಲೇ ಗರಗರ. ಮತ್ತೊಮ್ಮೆ. ಇವಳು ಎದ್ದುನಿಂತಳು. ಆ ಕ್ಷಣದಲ್ಲಿ ಅದಕ್ಕಿಂತ ಇಂಪಾದ ಸದ್ದು ಇವಳ ಪಾಲಿಗೆ ಬೇರೊಂದಿರಲಿಲ್ಲ.

ಒಳಗಿನ ಡಾಕ್ಟರು ವಯಸ್ಸಾದವರು. ಮುಳ್ಳು ತೆಗೆದದ್ದಾಗಿದೆ, ಇಂಜೆಕ್ಷನ್ ಕೊಟ್ಟದ್ದಾಗಿದೆ, ಊತ ಇಳಿಯುತ್ತಿದೆ, ಸಂಜೆವರೆಗೂ ಇಲ್ಲೇ ಇರಲಿ ಅಂದರು. “ನೊಣ, ಇರುವೆ ತಿಂದ್ರೆ ಚಿಂತೆಯಿಲ್ಲ. ಜೇನು, ಕಂಬಳಿಹುಳು, ಔಷಧಿ ಹೊಡೆದ ಜಿರಳೆ, ಇವು ನೋಡಿಕೊಳ್ಳಿ. ಊತ ಗಂಟಲಿಗೆ ಇಳೀತಾ ಇತ್ತು, ಇನ್ನೂ ತಡ ಮಾಡಿದ್ರೆ ಕಷ್ಟವಾಗ್ತಿತ್ತು.” ಇವಳು ಕಾಗದ ಬಿಚ್ಚಿ ರೆಕ್ಕೆ ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು. “ಇದು ಎಂದೋ ಒಣಗಿಹೋದ ಪತಂಗದ್ದಮ್ಮ. ಯಾಕೆ ತಂದ್ರಿ?”

ಇವಳು ಕಾಗದವನ್ನು ಮತ್ತೆ ಮಡಿಸಿ ಕುಪ್ಪಸದೊಳಗೆ ತುರುಕಿಕೊಂಡಳು.

“ಹೋಗಲಿ, ಸರಿಯಾದ ಹೊತ್ತಿಗೆ ಬಂದ್ರಿ. ತಕ್ಷಣ ಹೊರಡಿ ಅಂತ ಯಾರು ಹೇಳಿದ್ರು?”

“ನಮ್ಮ ಆಸ್ಪತ್ರೇಲಿ ಫೋನ್ ಎತ್ತೋ ಮೇಡಂ ಒಬ್ಬರಿದ್ದಾರೆ ಡಾಕ್ಟ್ರೇ” ಅಂದ ಗಂಡ. “ಸ್ವಲ್ಪ ಜೋರು. ಆದ್ರೆ ಫೋನ್ ಎತ್ತುತ್ತಾರೆ.”

ಇವಳು ಅವನನ್ನು ದುರುಗುಟ್ಟಿ ನೋಡಿದಳು, ಆಮೇಲೆ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಸಂಜೆ ಗೊಣಗ ಇನ್ನೂ ಸ್ವಲ್ಪ ಸೊಟ್ಟಗಿದ್ದ ಮುಖ ಹೊತ್ತು ಮನೆಗೆ ಬಂದ. ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆಯ ಮೇಲಿನ ಒಂದು ಪತಂಗದ ಮೇಲೆ ಅವನ ಕಣ್ಣು ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ದಿಂಬು ತಟ್ಟಿ ಸರಿಮಾಡಿಕೊಂಡು ಇವಳು ಸ್ಟೂಲು ಹತ್ತಿದಳು. ಕಾಯುವವರ ಸಾಲು ಆಗಲೇ ಬಾಗಿಲು ಮುಟ್ಟಿತ್ತು. ಫೋನು ಹೊಡೆದುಕೊಂಡಿತು. ಮೊದಲ ಗಂಟೆ ಮುಗಿಯುವ ಮುಂಚೆಯೇ ಎತ್ತಿದಳು. ಅತ್ತ ಮುದುಕರೊಬ್ಬರ ನಡುಗುವ ದನಿ.

“ನಮ್ಮ ಮರಿ ಮಿಡತೆ ತಿಂದ್ಬಿಟ್ಟಿದೆ ಮೇಡಂ. ನಾನು ಪೇಪರ್ ಓದ್ತಾ ಇದ್ದೆ. ನನ್ನ ಕನ್ನಡಕದ ಒಂದು ಗಾಜು ಸಡಿಲ, ಹಾಗಾಗಿ…”

ಇವಳು ಕನ್ನಡಕದ ಕತೆಯನ್ನು ಕೊನೆಯವರೆಗೂ ಕೇಳಿದಳು. ಅದು ಚಿಕ್ಕ ಕತೆಯೇನೂ ಆಗಿರಲಿಲ್ಲ. ಆಮೇಲೆ ನಾಲ್ಕು ಪ್ರಶ್ನೆ ಕೇಳಿದಳು, ಒಂದೊಂದಾಗಿ. ನಾಲ್ಕಕ್ಕೂ ಇಲ್ಲ ಅಂತ ಬಂತು.

“ಏನಾಗಲ್ಲ” ಅಂದಳು.

“ನಿಜವಾಗ್ಲೂ ಏನಾಗಲ್ವಾ ಮೇಡಂ?”

ಸಾಲಿನಲ್ಲಿದ್ದವರು ಫೋನು ಕುಕ್ಕುವ ಸದ್ದಿಗೆ ಕಾದರು. ಅವರಿಗೆಲ್ಲ ಇವಳ ಅಭ್ಯಾಸ ಗೊತ್ತಿತ್ತು.

“ಮಿಡತೆ ತಿಂದ್ರೆ ಏನಾಗಲ್ಲ. ಆದ್ರೂ ಫೋನ್ ಇಡಬೇಡಿ, ನಾನು ಇಲ್ಲೇ ಇರ್ತೀನಿ. ಸ್ವಲ್ಪ ಹೊತ್ತು ಇಬ್ಬರೂ ನೋಡೋಣ. ಈಗ ಏನ್ಮಾಡ್ತಿದೆ?”

“ಚಾಪೆ ಕಚ್ತಾ ಇದೆ.”

“ಕಚ್ಚಲಿ.”

ಸಾಲು ಬಾಗಿಲು ದಾಟಿ ಹೊರಗಿನ ಮೆಟ್ಟಿಲಿಗೆ ಬೆಳೆಯಿತು. ಒಂದು ಬೆಕ್ಕು ಬುಟ್ಟಿಯೊಳಗಿಂದ ಬಯ್ಯತೊಡಗಿತು. ಒಳಕೋಣೆಯಿಂದ ಡಾಕ್ಟರು ಎರಡು ಸಲ ತಲೆ ಹೊರಗೆ ಹಾಕಿ, ಯಾರನ್ನೂ ಯಾಕೆ ಒಳಗೆ ಬಿಡುತ್ತಿಲ್ಲ ಅಂತ ಕಣ್ಣಿನಲ್ಲೇ ಕೇಳಿದರು. ಇವಳು ಕೈಯೆತ್ತಿ ಅವರನ್ನು ಸುಮ್ಮನಿರಿಸಿದಳು.

“ಮೇಡಂ” ಅಂದರು ಅತ್ತ ಮುದುಕರು. ಈಗ ಅವರ ದನಿಯಲ್ಲಿ ನಡುಕವಿರಲಿಲ್ಲ, ಒಂದಿಷ್ಟು ಸಂಕೋಚವಿತ್ತು. “ಅದು ಹಾಯಾಗಿ ಮಲಗಿಬಿಡ್ತು. ನಾನೂ ಒಲೆ ಮೇಲೆ ನೀರಿಟ್ಟಿದ್ದೀನಿ. ಫೋನ್ ಇಟ್ಟುಬಿಡ್ಲಾ?”

“ಇಡಬೇಡಿ” ಅಂದಳು ಏನಾಗಲ್ಲಮ್ಮ. “ಹೊಟ್ಟೆ ಏರಿಳೀತಿದೆಯಾ, ಹತ್ರ ಹೋಗಿ ಒಂದ್ಸಲ ನೋಡಿ ಹೇಳಿ.”